ರಾತ್ರಿ ಎರಡು ಗಂಟೆ, ಮಲ್ಲಿಯ ಲಾಯ

ನಮಸ್ಕಾರ. ದನಿ ಸ್ವಲ್ಪ ಒಡೆದಿದೆ, ಬೇಜಾರು ಮಾಡಿಕೊಳ್ಳಬೇಡಿ. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ.

ಕುಣಿಗಲ್ ಹತ್ತಿರ ನಮ್ಮದೊಂದು ಚಿಕ್ಕ ಫಾರಂ. ಈ ಊರಿಗೂ ಕುದುರೆಗೂ ಟಿಪ್ಪು ಕಾಲದ ನಂಟು. ಆಗ ಸೈನ್ಯಕ್ಕೆ ಇಲ್ಲಿಂದಲೇ ಕುದುರೆ ಹೋಗುತ್ತಿತ್ತು. ನಮ್ಮದು ಅಂಥ ದೊಡ್ಡ ಸಂಸಾರವಲ್ಲ. ಏಳು ಹೆಣ್ಣು ಕುದುರೆ, ಎಲ್ಲವೂ ಥರೋಬ್ರೆಡ್, ಅಂದರೆ ರೇಸಿನ ತಳಿ. ಗಂಡು ಕುದುರೆ ಸಾಕುವ ಶಕ್ತಿ ನಮಗಿಲ್ಲ. ಹಸುವಿಗೆ ಮಾಡಿಸುವ ಹಾಗೆ ಕೃತಕ ಗರ್ಭಧಾರಣೆಯನ್ನೂ ಮಾಡಿಸುವಂತಿಲ್ಲ. ಹಾಗೆ ಹುಟ್ಟಿದ ಮರಿಯನ್ನು ಸ್ಟಡ್ ಬುಕ್‌ಗೆ, ಅಂದರೆ ಈ ತಳಿಯ ಕುದುರೆಗಳ ದಾಖಲೆ ಪುಸ್ತಕಕ್ಕೆ, ಸೇರಿಸುವುದೇ ಇಲ್ಲ. ಅದಕ್ಕೇ ಬೆದೆಗೆ ಬಂದ ಕುದುರೆಯನ್ನು ಗಾಡಿ ಹತ್ತಿಸಿ ದೊಡ್ಡ ಫಾರಂಗೆ ಕರೆದುಕೊಂಡು ಹೋಗುತ್ತೇವೆ.

ಮಲ್ಲಿಯನ್ನು ಕರೆದುಕೊಂಡು ಹೋಗಿದ್ದು ಕಳೆದ ಫೆಬ್ರವರಿ 20ಕ್ಕೆ. ಅದಕ್ಕಿಂತ ಮುಂಚೆ ಹೋಗುವುದಕ್ಕೆ ನನಗೆ ಭಯ. ಯಾಕೆಂದರೆ ನಮ್ಮ ದೇಶದಲ್ಲಿ ರೇಸ್ ಕುದುರೆ ಯಾವತ್ತು ಹುಟ್ಟಿದರೂ ಅದರ ವಯಸ್ಸು ಏರುವುದು ಜನವರಿ 1ಕ್ಕೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದರೆ ನಾಲ್ಕು ದಿನದ ಮರಿಗೆ ಪುಸ್ತಕದಲ್ಲಿ ಒಂದು ವರ್ಷ. ಗಬ್ಬದ ಅವಧಿ ಸುಮಾರು ಹನ್ನೊಂದು ತಿಂಗಳು, ಆದರೆ ಎರಡು ಮೂರು ವಾರ ಹಿಂದೆ ಮುಂದೆ ಆಗುವುದು ಮಾಮೂಲು. ನಿನ್ನೆಗೆ ಮಲ್ಲಿಗೆ 342 ದಿನ.

ಈ ಶಾಟ್ ಮೊನ್ನೆ ಸಂಜೆಯದು. ಮೊಲೆಯ ತುದಿ ನೋಡಿ. ಹಳದಿ ಮೇಣದ ಹನಿ ಅಂಟಿಕೊಂಡ ಹಾಗೆ ಕಾಣುತ್ತಿದೆ ಅಲ್ವಾ? ಇದು ಕಂಡರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಈಯುತ್ತದೆ. ಆಮೇಲೆ ನಾನು, ಕುದುರೆ ನೋಡಿಕೊಳ್ಳುವ ನಮ್ಮ ಹಿರಿಯ ಸೈಸ್ ಅಣ್ಣ ಸರದಿ ಮೇಲೆ ಕಾವಲು. ಕುದುರೆಗಳು ಹೆಚ್ಚಾಗಿ ರಾತ್ರಿಯೇ ಈಯುತ್ತವೆ. ಸುತ್ತ ಯಾರೂ ಓಡಾಡಬಾರದು, ದೀಪ ಮಂಕಾಗಿರಬೇಕು.

ನಿನ್ನೆ ರಾತ್ರಿ 1:50ಕ್ಕೆ ನೀರು ಹೋಯಿತು. "ಬಿಳಿದಾ, ಕೆಂಪಾ?" ಅಂತ ಅಣ್ಣ ಪಿಸುಗುಟ್ಟಿದರು. ಚೀಲ ಬೆಳ್ಳಗೆ ಕಂಡರೆ ಸರಿ. ಕೆಂಪು ಮಖಮಲ್ಲಿನ ಹಾಗೆ ಕಂಡರೆ ಮರಿಗೆ ಉಸಿರು ಸಿಗುತ್ತಿಲ್ಲ ಅಂತ ಅರ್ಥ, ಆ ಕ್ಷಣವೇ ಚೀಲ ಕೊಯ್ಯಬೇಕು. "ಬಿಳಿದೇ ಅಣ್ಣ" ಅಂದೆ. ಮೊದಲು ಒಂದು ಗೊರಸು, ಅದರ ಹಿಂದೆ ಇನ್ನೊಂದು, ಆಮೇಲೆ ಮೂತಿ. 2:10ಕ್ಕೆ ಮರಿ ಹುಲ್ಲಿನ ಮೇಲಿತ್ತು.

ಹೆಣ್ಣು ಮರಿ. ಹಣೆ ಮೇಲೆ ಬಿಳಿ ಚುಕ್ಕಿ, ಥೇಟ್ ತಾಯಿ ಹಾಗೆ. ಗೊರಸಿನ ತುದಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಎಳನೀರಿನ ಗಂಜಿ ಥರ ಮೆತ್ತಗೆ, ಎಳೆ ಎಳೆಯಾಗಿ ಇದೆ. ಹೊಟ್ಟೆಯೊಳಗೆ ಒದ್ದಾಡುವಾಗ ತಾಯಿಗೆ ಗಾಯ ಆಗದಿರಲಿ ಅಂತ ಇರುವ ಹೊದಿಕೆ ಇದು. ಎದ್ದು ಓಡಾಡಲು ಶುರು ಮಾಡಿದರೆ ತಾನಾಗಿಯೇ ಸವೆದು ಹೋಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ನಮ್ಮ ಪುಟ್ಟಿ 45 ನಿಮಿಷಕ್ಕೆ ನಿಂತಳು. ನಾಲ್ಕು ಸಲ ಬಿದ್ದು ಐದನೇ ಸಲಕ್ಕೆ. ಕೆಚ್ಚಲು ಹುಡುಕುತ್ತಾ ಗೋಡೆ ನೆಕ್ಕಿದಳು, ನನ್ನ ಮೊಣಕೈ ಚೀಪಿದಳು, ಕೊನೆಗೆ ಸಿಕ್ಕಿತು. ಮರಿ ಕುದುರೆಗೆ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿದ್ದಾಗ ಬರುವುದಿಲ್ಲ, ಗಿಣ್ಣು ಹಾಲಿನಿಂದಲೇ ಬರಬೇಕು. ಅದೂ ಮೊದಲ ದಿನದೊಳಗೆ. ಹಾಲು ಜಾಸ್ತಿ ಇದ್ದ ಕುದುರೆಯಿಂದ ಸ್ವಲ್ಪ ಕರೆದು ಫ್ರೀಜರ್‌ನಲ್ಲಿ ಇಟ್ಟಿರುತ್ತೇವೆ. ತಾಯಿ ಕಳೆದುಕೊಂಡ ಮರಿಗೆ ಅದೇ ಆಸರೆ.

ಇಲ್ಲಿಗೆ ವಿಡಿಯೋ ಮುಗಿಸಬಹುದಿತ್ತು. ಮರಿ ನಿಂತಿತು, ಕುಡಿಯಿತು, ನಿಮಗೂ ಖುಷಿ. ಆದರೆ ನನಗೆ ನಿಜವಾಗಿ ತೋರಿಸಬೇಕಾಗಿರುವುದು ಈ ಬಕೆಟ್.

ಇದು ಕಸ, ಅಂದರೆ ಹೆರಿಗೆಯಾದ ಮೇಲೆ ಬೀಳುವ ಮಾಸು. ಮರಿ ಹುಟ್ಟಿದ ಮೂರು ಗಂಟೆಯೊಳಗೆ ಬೀಳಬೇಕು. ಹೋದ ವರ್ಷ ಇನ್ನೊಂದು ಕುದುರೆಗೆ ಸರಿಯಾದ ಹೊತ್ತಿಗೇ ಬಿತ್ತು. ನಾನು ಮರಿಯ ಫೋಟೋ ತೆಗೆಯುತ್ತಾ ಇದ್ದೆ. ಕಸವನ್ನು ಸುಮ್ನೆ ಒಮ್ಮೆ ನೋಡಿ ಗುಂಡಿಗೆ ಹಾಕಿಸಿಬಿಟ್ಟೆ. ಮೂರನೇ ದಿನ ಕುದುರೆಗೆ ಜ್ವರ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿತ್ತು, ಗೊರಸು ಮುಟ್ಟಿದರೆ ಬಿಸಿ. ಅಂಗೈ ಅಗಲದ ಒಂದು ಚೂರು ಒಳಗೇ ಉಳಿದು ನಂಜಾಗಿತ್ತು. ಡಾಕ್ಟರ್ ಬಂದು ತೊಳೆದರು, ಐಸ್ ತಂದು ಕಾಲಿಗೆ ಕಟ್ಟಿದೆವು, ಜೀವ ಉಳಿಯಿತು. ಆದರೆ ಈಗಲೂ ಅವಳು ಕಲ್ಲು ನೆಲದಲ್ಲಿ ಒಂದೊಂದೇ ಹೆಜ್ಜೆ ಅಳೆದು ಇಡುತ್ತಾಳೆ. ನೋಡಿದಾಗಲೆಲ್ಲ ಹೊಟ್ಟೆ ಕಿವುಚುತ್ತದೆ. ಆ ತಪ್ಪು ನನ್ನದು.

ಅದಕ್ಕೆ ಈಗ ಹೀಗೆ. ಮೊದಲು ತೂಕ, 5.5 ಕೆ.ಜಿ. ಕಸ ಮರಿಯ ತೂಕದ ಸುಮಾರು ಹತ್ತನೇ ಒಂದು ಪಾಲು ಇರಬೇಕು. ಮರಿ 50 ಕೆ.ಜಿ. ಇದೆ, ಲೆಕ್ಕ ಸರಿ. ಆಮೇಲೆ ಟಾರ್ಪಾಲಿನ ಮೇಲೆ ಹರಡುವುದು. ಪ್ಯಾಂಟಿನ ಎರಡು ಕಾಲಿನ ಹಾಗೆ ಎರಡು ಕವಲು ಇದೆ ನೋಡಿ. ದೊಡ್ಡದರಲ್ಲಿ ಮರಿ ಬೆಳೆದಿತ್ತು. ಚಿಕ್ಕದರ ತುದಿಯೇ ಹೆಚ್ಚಾಗಿ ಹರಿದು ಒಳಗೆ ಉಳಿಯುವುದು. ಪೈಪಿನಿಂದ ನೀರು ತುಂಬಿಸುತ್ತಿದ್ದೇನೆ. ಅಣ್ಣ ತುದಿಯನ್ನು ಕೈಯಲ್ಲಿ ಹಿಡಿದು ಟಾರ್ಚ್ ಬಿಟ್ಟಿದ್ದಾರೆ.

ತುಂಬಿತು. ಒಂದು ಹನಿಯೂ ಸೋರಲಿಲ್ಲ.

"ಪೂರ್ತಿ ಇದೆ ಕಣಪ್ಪ" ಅಂದರು ಅಣ್ಣ. ನಾನು ಮತ್ತೊಮ್ಮೆ ನೀರು ತುಂಬಿಸಿ ನೋಡಿದೆ.

ಬೆಳಕು ಹರಿದ ಮೇಲೆ ಉಳಿದ ಕುದುರೆಗಳಿಗೆ ಕುದುರೆ ಮಸಾಲೆ ಸೊಪ್ಪು ಹಾಕಿದೆವು, ಲಾಯ ತೊಳೆದೆವು. ಮುಂದೆ ಮರಿಗೆ ಮೈಕ್ರೋಚಿಪ್ ಆಗಬೇಕು, ಡಿಎನ್‌ಎ ಮಾದರಿ ಹೋಗಬೇಕು, ಪುಣೆಯ ಸ್ಟಡ್ ಬುಕ್ ಅಥಾರಿಟಿಯಲ್ಲಿ ಹೆಸರು ಏರಬೇಕು. ಅದೆಲ್ಲ ಆಮೇಲೆ. ಕಸವನ್ನು ತೆಂಗಿನ ಸಾಲಿನ ಪಕ್ಕ ಆಳದ ಗುಂಡಿ ತೆಗೆದು ಹೂತೆವು. ಈಗ ಮಲ್ಲಿಯ ಜ್ವರ ನೋಡಿ ಬರಬೇಕು, ಥರ್ಮಾಮೀಟರ್ ಕೈಯಲ್ಲೇ ಇದೆ. ಇನ್ನು ಮೂರು ದಿನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ನೋಡುತ್ತೇನೆ.