ಸರ್ವರ್ ಸತ್ತರೆ ಸಾಮಾನೂ ಸಾಯಬೇಕೇ?

ನಮಸ್ಕಾರ. ನೀವು ದುಡ್ಡು ಕೊಟ್ಟು ತಂದ ಒಂದು ಸಾಮಾನು. ಎಲ್ಲೂ ಬಿದ್ದಿಲ್ಲ, ನೀರು ತಾಗಿಲ್ಲ, ಒಳಗೆ ಒಂದು ತಂತಿಯೂ ಸುಟ್ಟಿಲ್ಲ. ಆದರೂ ಒಂದು ಬೆಳಿಗ್ಗೆ ಅದು ಕೆಲಸ ಮಾಡಲ್ಲ. ಯಾಕೆ ಅಂದರೆ, ಅದನ್ನ ತಯಾರಿಸಿದ ಕಂಪನಿ ಎಲ್ಲೋ ದೂರದಲ್ಲಿ ನಡೆಸುತ್ತಿದ್ದ ಸರ್ವರ್ ಅನ್ನ, ಅಂದರೆ ಈ ಸಾಮಾನಿಗೆ ಆದೇಶ ದಾಟಿಸೋ ಕಂಪ್ಯೂಟರನ್ನ, ಹಿಂದಿನ ರಾತ್ರಿ ನಿಲ್ಲಿಸಿದೆ. ಇವತ್ತು ನಾನು ಮಾತಾಡೋದು ಇದರ ಬಗ್ಗೆ. ನನ್ನ ನಿಲುವನ್ನ ಮೊದಲೇ ಹೇಳಿಬಿಡ್ತೀನಿ. ಒಂದು ಸೇವೆಯನ್ನ ನಿಲ್ಲಿಸೋ ಹಕ್ಕು ಕಂಪನಿಗೆ ಇದೆ, ನಾನು ಅದನ್ನ ಪ್ರಶ್ನೆ ಮಾಡಲ್ಲ. ಆದರೆ ಹೋಗುವಾಗ ಕೀಲಿಕೈಯನ್ನ ಕೊಂಡವರ ಕೈಗೆ ಕೊಟ್ಟು ಹೋಗಬೇಕು. ಕೊಡೋದೋ ಬಿಡೋದೋ ಅಂತ ಕಂಪನಿಯ ಒಳ್ಳೆಯತನಕ್ಕೆ ಬಿಟ್ಟರೆ ಆಗಲ್ಲ, ಇದಕ್ಕೆ ಕಾನೂನೇ ಬೇಕು.

ಇದು ಬಲ್ಬು, ಸ್ಪೀಕರ್‌ಗಳ ಸಣ್ಣ ಸಂಗತಿ ಅಂತ ಅನ್ನಿಸಬಹುದು. ಅದಕ್ಕೇ ಕಣ್ಣಿನ ವಿಷಯದಿಂದ ಶುರು ಮಾಡ್ತೀನಿ. ಅಮೆರಿಕದ ಸೆಕೆಂಡ್ ಸೈಟ್ ಅನ್ನೋ ಕಂಪನಿ ಆರ್ಗಸ್ 2 ಅನ್ನೋ ಸಾಧನ ತಯಾರಿಸಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರಿಗಾಗಿ ಮಾಡಿದ್ದು. ಕನ್ನಡಕದಲ್ಲಿ ಒಂದು ಪುಟ್ಟ ಕ್ಯಾಮೆರಾ. ಅದು ಸೆರೆಹಿಡಿದ ಚಿತ್ರ ಸೊಂಟಕ್ಕೆ ಸಿಕ್ಕಿಸಿಕೊಂಡ ಒಂದು ಪೆಟ್ಟಿಗೆಗೆ ಹೋಗುತ್ತೆ. ಪೆಟ್ಟಿಗೆ ಅದನ್ನ ಸಂಕೇತವಾಗಿ ಬದಲಾಯಿಸಿ ತಂತಿಯಿಲ್ಲದೆ ಕಣ್ಣಿಗೆ ದಾಟಿಸುತ್ತೆ. ಕಣ್ಣಿನ ಒಳಗೆ, ರೆಟಿನಾ ಅನ್ನೋ ಹಿಂಭಾಗದ ಪರದೆಯ ಮೇಲೆ, ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದ 60 ಎಲೆಕ್ಟ್ರೋಡ್‌ಗಳು. ಕಾಣಿಸೋದು ಬೆಳಕಿನ ಚುಕ್ಕೆಗಳು ಮಾತ್ರ. ಆದರೆ ಏನೂ ಕಾಣದವರಿಗೆ ಬಾಗಿಲು ಯಾವ ಕಡೆ ಇದೆ, ಎದುರಿಗೆ ಯಾರಾದರೂ ಬಂದರಾ ಅಂತ ಗೊತ್ತಾಗೋದು ಸಣ್ಣ ಮಾತಲ್ಲ. ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಜಗತ್ತಿನಾದ್ಯಂತ ಸುಮಾರು 350 ಜನ ಇದನ್ನ ಹಾಕಿಸಿಕೊಂಡರು.

2019ರಲ್ಲಿ ಕಂಪನಿ ಇದರ ತಯಾರಿಕೆ ನಿಲ್ಲಿಸಿತು. 2020ರಲ್ಲಿ ಹಣ ಇಲ್ಲ ಅಂತ ಬಹುಪಾಲು ಸಿಬ್ಬಂದಿಯನ್ನ ಮನೆಗೆ ಕಳಿಸಿತು. ಆಮೇಲೆ ಆ ಸೊಂಟದ ಪೆಟ್ಟಿಗೆ ಕೆಟ್ಟರೆ ಗತಿ ಏನು? ರಿಪೇರಿ ಮಾಡೋರಿಲ್ಲ, ಬದಲಿ ಪೆಟ್ಟಿಗೆ ತಯಾರಿಸೋರಿಲ್ಲ. 2022ರಲ್ಲಿ ಐ.ಇ.ಇ.ಇ. ಸ್ಪೆಕ್ಟ್ರಂ ಪತ್ರಿಕೆ ಇವರ ಕಥೆಯನ್ನ ವಿವರವಾಗಿ ಬರೆಯಿತು. ಒಬ್ಬರಿಗೆ ಎಂ.ಆರ್.ಐ. ಸ್ಕ್ಯಾನ್ ಮಾಡಬೇಕಿತ್ತು. ಕಣ್ಣೊಳಗೆ ಈ ಸಾಧನ ಇರುವಾಗ ಮಾಡಬಹುದಾ ಅಂತ ವೈದ್ಯರು ಕೇಳೋಕೆ ಹೋದರೆ, ಕಂಪನಿಯ ಕಡೆಯಿಂದ ಉತ್ತರ ಕೊಡೋರೇ ಸಿಗಲಿಲ್ಲ. ತಲೆಯೊಳಗೆ ಇರೋ ಯಂತ್ರದ ಬಗ್ಗೆ ಮಾಹಿತಿ ಒಂದು ಖಾಸಗಿ ಕಂಪನಿಯ ಕಡತದಲ್ಲಿದೆ, ಆ ಕಂಪನಿಯ ಫೋನ್ ಎತ್ತೋರಿಲ್ಲ. ಇದು ಆ ಕಂಪನಿಯ ವ್ಯಾಪಾರ ಮುಳುಗಿದ್ದರ ಕಥೆ ಅಂತ ಹೇಳಿ ಮುಗಿಸೋಕೆ ನನಗೆ ಮನಸ್ಸು ಒಪ್ಪಲ್ಲ. ಅನುಮತಿ ಕೊಟ್ಟ ಸರ್ಕಾರಗಳು ಸಾಧನ ಸುರಕ್ಷಿತವೇ, ಕೆಲಸ ಮಾಡುತ್ತಾ ಅಂತ ಪರೀಕ್ಷೆ ಮಾಡಿದವು. ಈ ಕಂಪನಿ ಇಲ್ಲದಿದ್ದರೆ ಇದನ್ನ ನೋಡಿಕೊಳ್ಳೋರು ಯಾರು ಅನ್ನೋದಕ್ಕೆ ಗಟ್ಟಿ ವ್ಯವಸ್ಥೆ ಇಲ್ಲದೆಯೇ ಅನುಮತಿ ಕೊಟ್ಟವು. ತಪ್ಪು ಇರೋದು ಅಲ್ಲಿ.

ಈಗ ಮನೆಯ ಸಾಮಾನುಗಳಿಗೆ ಬರೋಣ. ರಿವಾಲ್ವ್ ಅನ್ನೋ ಒಂದು ಹಬ್ ಇತ್ತು, ಮನೆಯ ದೀಪ, ಬೀಗ ಎಲ್ಲವನ್ನೂ ಒಂದೇ ಕಡೆಯಿಂದ ನಿಯಂತ್ರಿಸೋಕೆ. ಗೂಗಲ್ ಬಳಗದ ನೆಸ್ಟ್ 2014ರಲ್ಲಿ ಆ ಕಂಪನಿಯನ್ನ ಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸೇವೆ ನಿಲ್ಲಿಸಿತು. ಹಬ್ ಆ ದಿನದಿಂದ ಬರೀ ಪ್ಲಾಸ್ಟಿಕ್ ಡಬ್ಬ. ಗಲಾಟೆ ಆದ ಮೇಲೆ ಹಣ ವಾಪಸ್ ಕೊಟ್ಟರು. ಅಮೆರಿಕದ ವ್ಯಾಪಾರ ಆಯೋಗ, ಅಂದರೆ ಎಫ್.ಟಿ.ಸಿ., ವಿಚಾರಿಸಿ ಕ್ರಮ ತೆಗೆದುಕೊಳ್ಳದೆ ಕಡತ ಮುಚ್ಚಿತು. ಅದಾದ ಮೇಲೆ ಇಂಥದ್ದು ಎಷ್ಟೋ ಸಲ ಆಗಿದೆ. 2024ರ ಕೊನೆಗೆ ಸ್ಪಾಟಿಫೈ, ಕಾರಿನಲ್ಲಿ ಹಾಡು ಹಾಕಿಕೊಳ್ಳೋಕೆ ಮಾಡಿದ್ದ ತನ್ನ ಕಾರ್ ಥಿಂಗ್ ಸಾಧನವನ್ನ ಹೀಗೇ ನಿಲ್ಲಿಸಿತು. ಅದೇ ವರ್ಷ ಫಿಸ್ಕರ್ ಅನ್ನೋ ವಿದ್ಯುತ್ ಕಾರು ಕಂಪನಿ ದಿವಾಳಿಯಾಯಿತು. ಕಾರು ಕೊಂಡವರೇ ಒಂದು ಸಂಘ ಕಟ್ಟಿಕೊಂಡು ಬಿಡಿಭಾಗ, ಸಾಫ್ಟ್‌ವೇರ್‌ಗಾಗಿ ಓಡಾಡಬೇಕಾಯಿತು. ಕಾರು ಅಂದರೆ ಬಹಳ ಜನರಿಗೆ ಮನೆ ಬಿಟ್ಟರೆ ಅತಿ ದೊಡ್ಡ ಖರ್ಚು.

ಯಾಕೆ ಹೀಗೆ ಆಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನೀವು ಸೋಫಾ ಮೇಲೆ ಕೂತು ಫೋನಿನಲ್ಲಿ ದೀಪ ಹಚ್ಚೋ ಗುಂಡಿ ಒತ್ತಿದಿರಿ ಅಂದುಕೊಳ್ಳಿ. ಫೋನು, ದೀಪ ಎರಡೂ ಒಂದೇ ವೈಫೈನಲ್ಲಿವೆ, ಹತ್ತಡಿ ದೂರ. ಆದರೂ ಎಷ್ಟೋ ಸಾಧನಗಳಲ್ಲಿ ಆ ಆದೇಶ ಮೊದಲು ಇನ್ನೊಂದು ಖಂಡದ ಸರ್ವರ್‌ಗೆ ಹೋಗಿ, ಅಲ್ಲಿ ನಿಮ್ಮ ಖಾತೆ ಪರಿಶೀಲನೆ ಆಗಿ, ಮತ್ತೆ ನಿಮ್ಮ ಕೋಣೆಗೆ ಬರುತ್ತೆ. ಹೊರಗಡೆ ಇದ್ದಾಗ ಮನೆಯ ದೀಪ ಆರಿಸೋಕೆ ಸರ್ವರ್ ಬೇಕು, ಒಪ್ಪೋಣ. ಆದರೆ ಮನೆಯೊಳಗೇ ಇದ್ದಾಗಲೂ ಅದೇ ದಾರಿ ಹಿಡಿಸೋದು ಎಂಜಿನಿಯರಿಂಗ್ ಅನಿವಾರ್ಯ ಅಲ್ಲ. ಒಂದೇ ದಾರಿ ಇಟ್ಟರೆ ಕಂಪನಿಗೆ ಕೆಲಸ ಕಡಿಮೆ. ಬಳಕೆಯ ಮಾಹಿತಿ ಸಿಗುತ್ತೆ. ನಾಳೆ ಮಾಸಿಕ ಚಂದಾ ಹಾಕಬೇಕು ಅಂದರೆ ಗೇಟು ಅವರ ಕೈಯಲ್ಲೇ ಇರುತ್ತೆ.

ಸರ್ವರ್ ಒಂದೇ ಅಲ್ಲ. 2025ರ ಮಾರ್ಚ್ 9ರ ಸುಮಾರಿಗೆ ಜಗತ್ತಿನಾದ್ಯಂತ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೆ ಕೈಕೊಟ್ಟವು. ಫೋನಿನಿಂದ ಟಿವಿಗೆ ಏನಾದರೂ ಕಳಿಸೋಣ ಅಂದರೆ ಈ ಸಾಧನವನ್ನ ನಂಬೋಕೆ ಆಗಲ್ಲ ಅನ್ನೋ ಸಂದೇಶ. ಕಾರಣ ಏನು ಗೊತ್ತಾ? ಇದು ಅಸಲಿ ಸಾಧನ ಅಂತ ಸಾರೋಕೆ ತಯಾರಿಸುವಾಗ ಒಳಗೆ ಇಟ್ಟ ಡಿಜಿಟಲ್ ಪ್ರಮಾಣಪತ್ರಕ್ಕೆ ಹತ್ತು ವರ್ಷದ ಅವಧಿ ಬರೆದಿದ್ದರು. ಆ ದಿನ ಅವಧಿ ಮುಗಿಯಿತು, ಅಷ್ಟೇ. ಗೂಗಲ್ ಇನ್ನೂ ಗಟ್ಟಿಯಾಗಿ ಇರೋ ಕಂಪನಿ, ಕೆಲವು ದಿನಗಳಲ್ಲಿ ಅಪ್‌ಡೇಟ್ ಕಳಿಸಿ ಸರಿಮಾಡಿತು. ಅದೇ ತಯಾರಕರು ಬಾಗಿಲು ಮುಚ್ಚಿದ್ದರೆ? ಅದರ ಮೇಲೆ, ಈಗಿನ ಬಹುಪಾಲು ಸಾಧನಗಳು ಕಂಪನಿಯ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರ್ ಅನ್ನ ಒಳಗೆ ಬಿಟ್ಟುಕೊಳ್ಳಲ್ಲ. ಕಳ್ಳ ಸಾಫ್ಟ್‌ವೇರ್ ತಡೆಯೋಕೆ ಅದು ಒಳ್ಳೆ ಏರ್ಪಾಡೇ. ಆದರೆ ಸಹಿ ಹಾಕೋರು ಹೋದ ಮೇಲೆ, ಸರಿಮಾಡೋ ತಿಳಿವಳಿಕೆ ಇರೋ ನೂರು ಜನ ಹೊರಗೆ ನಿಂತಿದ್ದರೂ ಒಬ್ಬರಿಗೂ ಬಾಗಿಲು ತೆರೆಯಲ್ಲ.

ಹಾಗಾದರೆ ಬೇರೆ ದಾರಿ ಇದೆಯಾ ಅಂದರೆ, ಇದೆ, ಮಾಡಿ ತೋರಿಸಿದವರೂ ಇದ್ದಾರೆ. ಗೂಗಲ್ 2023ರ ಜನವರಿಯಲ್ಲಿ ಸ್ಟೇಡಿಯಾ ಗೇಮ್ ಸೇವೆ ನಿಲ್ಲಿಸಿದಾಗ, ಅದರ ಕಂಟ್ರೋಲರ್‌ನಲ್ಲಿ ಬ್ಲೂಟೂತ್ ತೆರೆಯೋ ಸಾಫ್ಟ್‌ವೇರ್ ಬಿಟ್ಟಿತು. ಗುಜರಿಗೆ ಹೋಗಬೇಕಿದ್ದ ಕಂಟ್ರೋಲರ್‌ಗಳು ಇವತ್ತೂ ಬೇರೆ ಕಂಪ್ಯೂಟರ್‌ಗಳ ಜೊತೆ ಆಡ್ತಿವೆ. ಪೆಬಲ್ ಕೈಗಡಿಯಾರದ ಕಂಪನಿ 2016ರಲ್ಲಿ ಮುಚ್ಚಿತು, ಅದರ ಸರ್ವರ್‌ಗಳು 2018ರಲ್ಲಿ ನಿಂತವು. ರೆಬಲ್ ಅನ್ನೋ ಹೆಸರಿನಲ್ಲಿ ಅಭಿಮಾನಿಗಳೇ ಬದಲಿ ಸೇವೆ ಕಟ್ಟಿ ಗಡಿಯಾರಗಳನ್ನ ಉಳಿಸಿದರು. 2025ರ ಜನವರಿಯಲ್ಲಿ, ಅಷ್ಟರಲ್ಲಿ ಅದರ ಹಕ್ಕು ಕೈಸೇರಿದ್ದ ಗೂಗಲ್ ಆ ಗಡಿಯಾರದ ಆಪರೇಟಿಂಗ್ ಸಿಸ್ಟಮ್‌ನ ಬಹುಭಾಗವನ್ನ ಮುಕ್ತವಾಗಿ ಬಿಡುಗಡೆ ಮಾಡಿತು. ಮಾಕ್ಸಿ ಅನ್ನೋ ಪುಟ್ಟ ರೋಬೋ ಇತ್ತು, ಮಕ್ಕಳ ಜೊತೆ ಮಾತಾಡೋಕೆ ಅಂತಲೇ ಮಾಡಿದ್ದು. 2024ರ ಡಿಸೆಂಬರ್‌ನಲ್ಲಿ ಅದರ ಕಂಪನಿ ಮುಚ್ಚುತ್ತೀವಿ ಅಂದಾಗ, ರೋಬೋ ಇನ್ನು ಮಾತಾಡಲ್ಲ ಅಂತ ಮಕ್ಕಳಿಗೆ ಹೇಳೋ ಕಷ್ಟ ಅಪ್ಪ ಅಮ್ಮಂದಿರ ಪಾಲಿಗೆ ಬಂತು. ಆಮೇಲೆ ಕಂಪನಿ ಮನೆಯ ಕಂಪ್ಯೂಟರ್‌ನಿಂದಲೇ ಅದನ್ನ ನಡೆಸೋ ಸಾಫ್ಟ್‌ವೇರ್ ಕೊಟ್ಟು ಹೋಯಿತು. ಮುಳುಗುತ್ತಿರೋ ಸಣ್ಣ ಕಂಪನಿ ಇಷ್ಟು ಮಾಡಬಹುದು ಅಂದರೆ, ದೊಡ್ಡವರು ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ.

ಸರ್ಕಾರಗಳು ಸುಮ್ಮನೆ ಕೂತಿವೆ ಅಂತ ಹೇಳಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಒಂದು ಕಾನೂನು ಜಾರಿಯಲ್ಲಿದೆ. ಇಂಟರ್‌ನೆಟ್‌ಗೆ ಜೋಡಿಸೋ ಸಾಧನಕ್ಕೆ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡ್ತೀವಿ ಅಂತ ತಯಾರಕರು ಹೇಳಲೇಬೇಕು. ಎಷ್ಟು ಕಾಲ ಕೊಡಬೇಕು ಅಂತ ಅದು ಹೇಳಲ್ಲ. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ ಸಾಮಾನ್ಯವಾಗಿ ಕನಿಷ್ಠ 5 ವರ್ಷ ಅಂತ ಹೇಳುತ್ತೆ, ಅದರ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಅನ್ವಯ ಆಗುತ್ತವೆ. ಅಮೆರಿಕದಲ್ಲಿ ಎಫ್.ಟಿ.ಸಿ. ಸಿಬ್ಬಂದಿ 2024ರಲ್ಲಿ 184 ಸ್ಮಾರ್ಟ್ ಸಾಧನಗಳ ವೆಬ್ ಪುಟಗಳನ್ನ ನೋಡಿದರು. ಸುಮಾರು 89 ಶೇಕಡಾ ಸಾಧನಗಳಿಗೆ ಅಪ್‌ಡೇಟ್ ಎಲ್ಲಿಯವರೆಗೆ ಅನ್ನೋ ಮಾಹಿತಿಯೇ ಇರಲಿಲ್ಲ. ಹಾಲಿನ ಪ್ಯಾಕೆಟ್ ಮೇಲೆ ಇರೋ ದಿನಾಂಕ, ವರ್ಷಗಟ್ಟಲೆ ಬಳಸೋ ಯಂತ್ರದ ಮೇಲೆ ಇಲ್ಲ!

ದಿನಾಂಕ ಬೇಕು, ಸರಿ. ಆದರೆ ಈ ಕಾನೂನುಗಳ ಕಣ್ಣು ಇರೋದು ಅಪ್‌ಡೇಟ್ ಮೇಲೆ. ಆ ದಿನಾಂಕದ ಮಾರನೇ ದಿನ ಸಾಮಾನು ಏನಾಗಬೇಕು ಅನ್ನೋ ಪ್ರಶ್ನೆಯನ್ನ ಅವು ನೇರವಾಗಿ ಎತ್ತಿಕೊಂಡಿಲ್ಲ. ಆ ಪ್ರಶ್ನೆಯನ್ನ ಗಟ್ಟಿಯಾಗಿ ಕೇಳಿದವರು ವಿಡಿಯೋ ಗೇಮ್ ಆಡೋರು. ದಿ ಕ್ರೂ ಅನ್ನೋ ಆಟದ ಸರ್ವರ್‌ಗಳನ್ನ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು, ಒಬ್ಬರೇ ಆಡ್ತೀವಿ ಅಂದರೂ ಆಡೋಕೆ ಆಗದ ಹಾಗೆ. ಅದರಿಂದ ಹುಟ್ಟಿದ ಚಳವಳಿ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿತು. ಅವರು ಕೇಳಿದ್ದು ಸರ್ವರ್ ಶಾಶ್ವತವಾಗಿ ನಡೆಸಿ ಅಂತ ಅಲ್ಲ. ನಿಲ್ಲಿಸುವಾಗ ಆಟ ಆಡೋ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ. ಗೇಮ್ ಹುಡುಗರ ಹಟ ಅಂತ ಇದನ್ನ ತಳ್ಳಿಹಾಕಿದವರು ಇದ್ದಾರೆ. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿ ಯೋಚನೆ ಮಾಡಿದವರು ಅವರೇ.

ಈಗ ನನಗೆ ಸಿಟ್ಟು ಬರಿಸೋ ಒಂದು ಸಂಗತಿ. ದೊಡ್ಡ ದೊಡ್ಡ ಸಂಸ್ಥೆಗಳು ಸಾಫ್ಟ್‌ವೇರ್ ಕೊಳ್ಳುವಾಗ ಎಸ್ಕ್ರೋ ಅನ್ನೋ ಒಪ್ಪಂದ ಮಾಡಿಕೊಳ್ಳೋದು ಹಳೇ ರೂಢಿ. ತಯಾರಕರು ತಮ್ಮ ಸೋರ್ಸ್ ಕೋಡ್ ಅನ್ನ, ಅಂದರೆ ಸಾಫ್ಟ್‌ವೇರ್‌ನ ಮೂಲ ಬರಹವನ್ನ, ಮೂರನೆಯವರೊಬ್ಬರ ಬಳಿ ಮುಚ್ಚಿ ಠೇವಣಿ ಇಡ್ತಾರೆ. ಕಂಪನಿ ದಿವಾಳಿಯಾದರೆ, ಅಥವಾ ಬೆಂಬಲ ಕೈಬಿಟ್ಟರೆ, ಅದು ಗ್ರಾಹಕ ಸಂಸ್ಥೆಗೆ ಸಿಗುತ್ತೆ. ಅಂದರೆ ಈ ಅಪಾಯ ಎಲ್ಲರಿಗೂ ಗೊತ್ತು, ಪರಿಹಾರವೂ ಗೊತ್ತು. ಚೌಕಾಸಿ ಮಾಡೋ ಶಕ್ತಿ ಇರೋರು ಆ ಪರಿಹಾರ ಪಡೆದುಕೊಂಡಿದ್ದಾರೆ. ಒಂದೊಂದೇ ಸಾಮಾನು ಕೊಳ್ಳೋ ನಮಗೆ ಆ ಶಕ್ತಿ ಇಲ್ಲ. ಒಬ್ಬೊಬ್ಬರಿಗೆ ಇಲ್ಲದ ಚೌಕಾಸಿಯ ಶಕ್ತಿಯನ್ನ ಎಲ್ಲರ ಪರವಾಗಿ ಚಲಾಯಿಸೋಕೆ ತಾನೇ ಸರ್ಕಾರ ಇರೋದು? ದೇಹದೊಳಗೆ ಕೂರಿಸೋ ಸಾಧನಕ್ಕೆ, ಕಾರಿಗೆ, ಮನೆಯ ಬೀಗಕ್ಕೆ ಇಂಥ ಠೇವಣಿ ಇಲ್ಲದೆ ಮಾರಾಟದ ಅನುಮತಿಯೇ ಸಿಗಬಾರದು. ಉಳಿದ ಸಣ್ಣ ಸಾಧನಗಳಿಗೆ ಇಷ್ಟು ಬಿಗಿ ಬೇಡ. ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಸರ್ವರ್ ಹಂಗಿಲ್ಲದೆ ಮೂಲ ಕೆಲಸ ಮಾಡೋದು, ಬೆಂಬಲ ನಿಲ್ಲಿಸೋ ದಿನ ಮಾಲೀಕರೇ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳುವಂತೆ ಒಂದು ಕೊನೇ ಅಪ್‌ಡೇಟ್ ಕೊಡೋದು, ಇಷ್ಟು ಸಾಕು.

ಇದಕ್ಕೆ ಬರೋ ಆಕ್ಷೇಪಗಳಲ್ಲಿ ತೂಕ ಇರೋದು ಭದ್ರತೆಯದ್ದು. ಬಾಗಿಲು ತೆರೆದರೆ ಹ್ಯಾಕರ್‌ಗಳೂ ಬರ್ತಾರಲ್ಲ ಅಂತ. 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಅನ್ನೋ ದುಷ್ಟ ಸಾಫ್ಟ್‌ವೇರ್ ಲಕ್ಷಾಂತರ ಕ್ಯಾಮೆರಾ, ವಿಡಿಯೋ ರೆಕಾರ್ಡರ್‌ಗಳನ್ನ ವಶ ಮಾಡಿಕೊಂಡು ವೆಬ್ ತಾಣಗಳ ವಿಳಾಸ ಹುಡುಕಿಕೊಡೋ ಡಿನ್ ಅನ್ನೋ ಸಂಸ್ಥೆಯ ಮೇಲೆ ಎರಗಿತು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಎಷ್ಟೋ ಜನರಿಗೆ ಸಿಗದಾದವು. ಆ ಸಾಧನಗಳು ಸಿಕ್ಕಿಬಿದ್ದದ್ದು ಕಾರ್ಖಾನೆಯ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟದ್ದರಿಂದ, ಅವುಗಳ ಸೋರ್ಸ್ ಕೋಡ್ ಹೊರಗೆ ಬಂದದ್ದರಿಂದ ಅಲ್ಲ. ದಿಕ್ಕಿಲ್ಲದೆ ನೆಟ್‌ಗೆ ಅಂಟಿಕೊಂಡಿರೋ ಸಾಧನವೇ ದೊಡ್ಡ ಅಪಾಯ. ಅದನ್ನ ಸರಿಮಾಡೋಕೆ ಯಾರಿಗೂ ಆಗಲ್ಲ ಅನ್ನೋ ಹಾಗೆ ಬಿಗಿದಿಟ್ಟರೆ ಅಪಾಯ ಕಡಿಮೆ ಆಗಲ್ಲ, ಹೆಚ್ಚಾಗುತ್ತೆ. ಇನ್ನು, ಒಳಗೆ ಬೇರೆ ಕಂಪನಿಗಳಿಂದ ಪರವಾನಗಿ ಪಡೆದ ಕೋಡ್ ಇದೆ, ಅದನ್ನ ಕೊಡೋಕೆ ಆಗಲ್ಲ ಅಂತಾರೆ. ನಿಜವಾದ ತೊಡಕೇ. ಆದರೆ ಮೊದಲ ದಿನದಿಂದಲೇ ನಿಯಮ ಗೊತ್ತಿದ್ದರೆ ಒಪ್ಪಂದಗಳನ್ನೂ ಅದಕ್ಕೆ ತಕ್ಕ ಹಾಗೆ ಬರೆಸಿಕೊಳ್ತಾರೆ.

ಕಾನೂನಿಗೆ ವರ್ಷಗಳು ಹಿಡಿಯುತ್ತೆ. ಅಷ್ಟರವರೆಗೆ ಸರ್ಕಾರಗಳು ಮಾಡಬಹುದಾದ ಕೆಲಸ ಅವುಗಳ ಕೈಯಲ್ಲೇ ಇದೆ, ಯಾಕಂದರೆ ಪ್ರತಿ ದೇಶದಲ್ಲೂ ದೊಡ್ಡ ಗಿರಾಕಿ ಸರ್ಕಾರವೇ. ಪೋಲೆಂಡ್‌ನಲ್ಲಿ ಆದದ್ದು ನೋಡಿ. ನೆವಾಗ್ ಕಂಪನಿಯ ರೈಲುಗಳನ್ನ ಬೇರೆ ವರ್ಕ್‌ಶಾಪ್‌ನಲ್ಲಿ ಸರ್ವಿಸ್ ಮಾಡಿಸಿದ ಮೇಲೆ ಅವು ಹೊರಡಲೇ ಇಲ್ಲ. ಡ್ರ್ಯಾಗನ್ ಸೆಕ್ಟರ್ ಅನ್ನೋ ತಂಡದವರು ಸಾಫ್ಟ್‌ವೇರ್ ಬಗೆದು ನೋಡಿ, ಪ್ರತಿಸ್ಪರ್ಧಿಗಳ ವರ್ಕ್‌ಶಾಪ್‌ಗಳ ಜಿ.ಪಿ.ಎಸ್. ನಿರ್ದೇಶಾಂಕಗಳನ್ನೇ ಒಳಗೆ ಬರೆದಿದ್ದಾರೆ, ರೈಲು ಅಲ್ಲಿ ಕೆಲವು ದಿನ ನಿಂತರೆ ಬೀಗ ಬೀಳುತ್ತೆ ಅಂತ 2023ರಲ್ಲಿ ಬಹಿರಂಗವಾಗಿ ಹೇಳಿದರು. ಕಂಪನಿ ಆರೋಪ ಅಲ್ಲಗಳೆದು ಕೋರ್ಟಿಗೆ ಹೋಯಿತು. ತೀರ್ಪು ಏನೇ ಬರಲಿ, ಸಾರ್ವಜನಿಕರ ಹಣದಲ್ಲಿ ಕೊಂಡ ರೈಲು ಯಾಕೆ ಹೊರಡಲ್ಲ ಅಂತ ತಿಳಿಯೋಕೆ ಹ್ಯಾಕರ್‌ಗಳನ್ನ ಕರೆಸಬೇಕಾಯಿತು.

ಅದಕ್ಕೆ ಟೆಂಡರ್‌ನಲ್ಲೇ ಒಂದು ಷರತ್ತು ಸೇರಿಸಲಿ. ಸಾಧನದ ಸಾಫ್ಟ್‌ವೇರ್, ಅದನ್ನ ಕಟ್ಟೋ ವಿಧಾನ, ಸಹಿಯ ವ್ಯವಸ್ಥೆ ಮೂರನ್ನೂ ಠೇವಣಿ ಇಡಬೇಕು. ವರ್ಷಕ್ಕೊಮ್ಮೆ ಆ ಠೇವಣಿ ತೆಗೆದು, ಅದರಿಂದ ನಿಜಕ್ಕೂ ಸಾಧನ ನಡೆಯುತ್ತಾ ಅಂತ ಹೊರಗಿನವರು ಪರೀಕ್ಷೆ ಮಾಡಬೇಕು. ಇದಕ್ಕೆ ಸಂಸತ್ತಿನಲ್ಲಿ ಮತ ಹಾಕಿಸಬೇಕಿಲ್ಲ, ಖರೀದಿ ಅಧಿಕಾರಿಯ ಒಂದು ಪುಟ ಸಾಕು. ಆಸ್ಪತ್ರೆಗೆ ಯಂತ್ರ ಕೊಳ್ಳುವಾಗ, ಬಸ್ಸು ಕೊಳ್ಳುವಾಗ, ನೀರಿನ ಮೀಟರ್ ಕೊಳ್ಳುವಾಗ ಸರ್ಕಾರ ಇದನ್ನ ಕೇಳಿದರೆ, ಅಷ್ಟು ದೊಡ್ಡ ಗಿರಾಕಿಯನ್ನ ಬಿಟ್ಟುಕೊಡೋಕೆ ಯಾವ ಕಂಪನಿಯೂ ತಯಾರಿರಲ್ಲ. ಒಮ್ಮೆ ಸರ್ಕಾರಕ್ಕಾಗಿ ಆ ಠೇವಣಿಯನ್ನ ತಯಾರು ಮಾಡಿದ ಮೇಲೆ, ಅದೇ ಯಂತ್ರ ಕೊಳ್ಳೋ ಉಳಿದವರಿಗೆ ಕೊಡೋಕೆ ಖರ್ಚಾಗುತ್ತೆ ಅಂತ ಹೇಳೋಕೂ ಅವರಿಗೆ ಬಾಯಿ ಇರಲ್ಲ.