ಕುತೂಹಲ ಹುಟ್ಟಬೇಕಂದ್ರ ಮೊದಲು ಅರ್ಧ ಗೊತ್ತಿರಬೇಕ್ರಿ!

[ತೆರೆ ಮ್ಯಾಲ: ಬಿದ್ರಿ ಹೂಜಿ, ಕಪ್ಪು ಮೈ, ಬೆಳ್ಳಿ ಬಳ್ಳಿ]

ಬೀದರದ ಹುಡುಗರು ಷೋಕೇಸಿನ ಬಿದ್ರಿ ಹೂಜಿ ದಿನಾ ನೋಡ್ತಾರ, ಆದ್ರ "ಇದು ಯಾಕ ಕರಿ?" ಅಂತ ಕೇಳೋರು ಕಮ್ಮಿ. ಹಂಗಂತ ಅವರಿಗೆ ಕುತೂಹಲಾನೇ ಇಲ್ಲ ಅನಬ್ಯಾಡ್ರಿ.

ಜಾರ್ಜ್ ಲೋವೆನ್‌ಸ್ಟೈನ್ ಅನ್ನೋ ಅರ್ಥಶಾಸ್ತ್ರಜ್ಞ (ಹೌದ್ರಿ, ರೊಕ್ಕದ ಲೆಕ್ಕದವರೇ!) 1994ರಾಗ ಹೇಳಿದ್ದು: ಗೊತ್ತಿದ್ದದ್ದಕ್ಕೂ ಗೊತ್ತಾಗಬೇಕಾದ್ದಕ್ಕೂ ನಡುವಿನ ಸಂದು ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ತದ. ಏನೂ ಗೊತ್ತಿರದವಗ ಸಂದು ಕಾಣಂಗಿಲ್ಲ, ಎಲ್ಲಾ ಗೊತ್ತದ ಅನ್ನವಗೂ ಕಾಣಂಗಿಲ್ಲ. 2009ರ ಒಂದು ಪ್ರಯೋಗದಾಗೂ "ಗೊತ್ತಿದ್ದಂಗ ಅದ, ಖಾತ್ರಿ ಇಲ್ಲ" ಅನಿಸೋ ಪ್ರಶ್ನೆಗಳಿಗೇ ಕುತೂಹಲ ಜಾಸ್ತಿ ಇತ್ತು.

ಅದಕ್ಕ ಈಗ ಈ ಹೂಜಿ ಹೆಂಗ ತಯಾರಾಗ್ತದ ಅನ್ನೋದನ್ನ ನಿಮಗ ಅರ್ಧ ಹೇಳ್ತೀನಿ.

[ತೆರೆ ಮ್ಯಾಲ: ಅಚ್ಚು, ಉಳಿ, ಬೆಳ್ಳಿ ತಂತಿ]

ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಕೂಡಿಸಿ ಕರಗಿಸಿ, ಅಚ್ಚಿಗೆ ಹೊಯ್ತಾರ. ನಯ ಮಾಡಿದ ಮ್ಯಾಲ ಮೈಲುತುತ್ತದ ನೀರು ಸವರ್ತಾರ. ಮೈ ಸ್ವಲ್ಪ ಹೊತ್ತಿನ ಮಟ್ಟಿಗೆ ಕಪ್ಪಾಗ್ತದ, ಉಳಿಯಿಂದ ಕೊರೆದ ಗೆರಿ ಬೆಳ್ಳಗ ಎದ್ದು ಕಾಣ್ತದ. ಆ ಗೆರಿಯೊಳಗ ಬೆಳ್ಳಿ ತಂತಿ ಬಡಿದು ಕೂಡಿಸಿ ಉಜ್ಜತಾರ. ಈಗ ನೋಡ್ರಿ ಮಜಾ: ಉಜ್ಜಿದ್ರ ಆ ಕಪ್ಪೂ ಹೋತು! ಬೂದಿ ಬಣ್ಣದ ಲೋಹದಾಗ ಬೆಳ್ಳಿ ಎಲ್ಲಿ, ಲೋಹ ಎಲ್ಲಿ, ತಿಳಿಯಂಗಿಲ್ಲ. ಇಷ್ಟು ದಿನದ ಕುಸುರಿ ಮಾಯ.

ಕಡೀಗೆ ಬೀದರ ಕೋಟೆಯೊಳಗ ಬಿಸಿಲು ಮಳಿ ಕಾಣದ ಜಾಗದ ಹಳೇ ಮಣ್ಣು ತಂದು, ನವಸಾಗರ ಅನ್ನೋ ಉಪ್ಪು ಸೇರಿಸಿ ನೀರಾಗ ಕದಡಿ, ಬೆಚ್ಚಗ ಮಾಡಿದ ಹೂಜಿಗೆ ಮೆತ್ತತಾರ. ತೊಳೆದ್ರ ಲೋಹ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಫಳಫಳ. ಮ್ಯಾಲ ಎಣ್ಣಿ ಸವರಿದ್ರ ಮುಗೀತು.

ಮಣ್ಣು ಎರಡಕ್ಕೂ ಒಂದೇ. ಒಂದು ಕಪ್ಪಾತು, ಇನ್ನೊಂದು ಯಾಕ ಆಗ್ಲಿಲ್ಲ? ವಿಡಿಯೋ ನಿಲ್ಲಿಸಿ ಊಹೆ ಮಾಡ್ರಿ.

[5 ಸೆಕೆಂಡ್ ಮೌನ]

ಸತು ಮೆತ್ತನ ಮನಸಿನ ಧಾತು, ನವಸಾಗರಕ್ಕ ಲಗೂ ಸೋಲ್ತದ. ಮೈಮೇಲಿನ ಸತು ಕರಗಿ ಹೋಗಿ, ಉಳಿದ ತಾಮ್ರದಿಂದ ಆ ಕಪ್ಪು ಪದರು ಕಟ್ಟತದ. ಬೆಳ್ಳಿ ಅಷ್ಟು ಸುಲಭಕ್ಕ ಜಗ್ಗಂಗಿಲ್ಲ. ಮಣ್ಣನ್ನ ಕಸುಬುದಾರರು ನಾಲಿಗಿಗೆ ಹಚ್ಚಿ ರುಚಿ ನೋಡಿ ಆರಿಸ್ತಾರ, ಇದು ನನಗ ಎಲ್ಲಕ್ಕಿಂತ ಇಷ್ಟ. ಪ್ರಯೋಗಾಲಯ ಬಾಯಾಗೇ ಅದ!

ಟೈಮ್ ಆಗೇದ, ಉಳಿದದ್ದು ಒಂದೇ ಉಸಿರಿನಾಗ. ಮನ್ಯಾಗ ಹುಡುಗರಿಗೆ ಅರ್ಧ ತೋರಸ್ರಿ, ಊಹೆ ಬಾಯಿಬಿಟ್ಟು ಹೇಳಸ್ರಿ, ಆಮ್ಯಾಲ ಉತ್ತರ ಕೊಡ್ರಿ. ಉತ್ತರ ಮೊದಲೇ ಕೊಟ್ರ ಸಂದು ಮುಚ್ಚಿ ಹೋಗ್ತದ. ಊಹೆ ತಪ್ಪಾದ್ರ ನಗಬ್ಯಾಡ್ರಿ, ಮುಂದಿನ ಸಲ ಬಾಯೇ ಬಿಡಂಗಿಲ್ಲ. ಸುಳಿವು ಕೊಟ್ರೂ ಸುಮ್ಮನೇ ಕುಂತ್ರ, ಆ ಅರ್ಧ ಅವರಿಗೆ ಇನ್ನೂ ತಲುಪಿಲ್ಲ ಅಂತ ತಿಳ್ಕೊಂಡು ಅಚ್ಚಿನಿಂದ ಮತ್ತ ಶುರು ಮಾಡ್ರಿ.