ಯಾರ ಮಗು ಎಂದು ಕೇಳುವ ವಿಶ್ವವಿದ್ಯಾಲಯಗಳು

ಕೇಳುಗರಿಗೆ ನಮಸ್ಕಾರ. ಮಕ್ಕಳನ್ನು ಅಮೆರಿಕದಲ್ಲಿ ಪದವಿ ಓದಿಸಲು ಸಾಲದ ಲೆಕ್ಕ ಹಾಕುತ್ತಿರುವ ತಂದೆ ತಾಯಂದಿರೇ, ಈ ಮಾತು ನಿಮಗಾಗಿ. ಡೊನೇಷನ್ ಸೀಟು ನಮ್ಮಲ್ಲಿ ಮಾತ್ರ, ಅಲ್ಲಿ ಪ್ರತಿಭೆಯೊಂದೇ ಲೆಕ್ಕಕ್ಕೆ ಬರುತ್ತದೆ ಎಂದು ನಂಬಿದ್ದರೆ ದಯವಿಟ್ಟು ಬಿಟ್ಟುಬಿಡಿ. ಅಲ್ಲಿಯೂ ಯಾರ ಮಗು ಎಂದು ನೋಡುತ್ತಾರೆ.

2018ರಲ್ಲಿ ಬಾಸ್ಟನ್ ನ್ಯಾಯಾಲಯದಲ್ಲಿ ಹಾರ್ವರ್ಡ್ ವಿರುದ್ಧದ ಮೊಕದ್ದಮೆಯ ವಿಚಾರಣೆ ನಡೆಯಿತು. ಏಷ್ಯಾ ಮೂಲದ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂಬುದು ದೂರು. ಆದರೆ ವಿಶ್ವವಿದ್ಯಾಲಯ ಒಳಗಿಟ್ಟುಕೊಂಡಿದ್ದ ಕಡತಗಳೂ ಹೊರಬಿದ್ದವು. ಅವುಗಳಲ್ಲಿ 2013ರ ಒಂದು ಇ-ಮೇಲ್ ಇತ್ತು. ಹಾರ್ವರ್ಡ್‌ನ ಕೆನಡಿ ಸ್ಕೂಲಿನ ಡೀನ್ ಪ್ರವೇಶ ವಿಭಾಗದ ಮುಖ್ಯಸ್ಥರಿಗೆ ಬರೆದದ್ದು. ವಿಷಯದ ಜಾಗದಲ್ಲಿ ‘ನನ್ನ ಹೀರೊ’ ಎಂಬ ಹೊಗಳಿಕೆ! ನೀವು ಸೇರಿಸಿಕೊಂಡವರನ್ನು ಕಂಡು ಬಹಳ ಸಂತೋಷವಾಯಿತು, ಅವರಲ್ಲೊಬ್ಬರ ಕಡೆಯಿಂದ ಈಗಾಗಲೇ ಒಂದು ಕಟ್ಟಡಕ್ಕೆ ದಾನ ಕೊಡುವ ಮಾತು ಸಿಕ್ಕಿದೆ ಎಂಬ ಒಕ್ಕಣೆ. ಹೆಸರುಗಳಿಗೆ ಮಸಿ ಬಳಿದಿತ್ತು. ದಾನಿಗಳ ಮಕ್ಕಳಿರುವ, ‘ಡೀನರ ಆಸಕ್ತಿಯ ಪಟ್ಟಿ’ ಎಂಬ ಬೇರೆಯದೇ ಪಟ್ಟಿಯೂ ಬೆಳಕಿಗೆ ಬಂತು. ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ನೂರಕ್ಕೆ ಸುಮಾರು 33 ಮಂದಿಗೆ ಪ್ರವೇಶ ಸಿಗುತ್ತಿತ್ತು, ಉಳಿದವರಲ್ಲಿ ಸುಮಾರು ಆರು ಮಂದಿಗೆ. ಅಪ್ಪ ಎಲ್ಲಿ ಓದಿದ ಎಂಬುದು ಮಗುವಿನ ಅರ್ಹತೆ ಹೇಗಾದೀತು?

ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಕೊಡುವ ಈ ಪದ್ಧತಿ ಬಲಗೊಂಡದ್ದು 1920ರ ದಶಕದಲ್ಲಿ, ಯಹೂದಿ ವಿದ್ಯಾರ್ಥಿಗಳನ್ನು ದೂರವಿಡುವ ಉಪಾಯಗಳಲ್ಲೊಂದಾಗಿ. ಅದರ ಕಥೆಗೆ ಇಂದು ಸಮಯವಿಲ್ಲ.

ಇದನ್ನು ನಿಲ್ಲಿಸಿದರೆ ದಾನ ಬತ್ತಿಹೋಗುತ್ತದೆ ಎನ್ನುವವರಿದ್ದಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ 2014ರಲ್ಲೇ ನಿಲ್ಲಿಸಿತು. 2018ರಲ್ಲಿ ಅಲ್ಲಿನ ಹಳೆಯ ವಿದ್ಯಾರ್ಥಿ ಮೈಕೆಲ್ ಬ್ಲೂಮ್‌ಬರ್ಗ್ 180 ಕೋಟಿ ಡಾಲರ್ ಕೊಟ್ಟರು, ಅದೂ ವಿದ್ಯಾರ್ಥಿಗಳ ಆರ್ಥಿಕ ನೆರವಿಗೆ! ಹೊಸದಾಗಿ ಸೇರುವವರಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳ ಪಾಲು 2009ರಲ್ಲಿ ಶೇ 12.5 ಇತ್ತು, 2019ರಲ್ಲಿ ಶೇ 3.5ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಸರ್ಕಾರದ ಪೆಲ್ ಅನುದಾನಕ್ಕೆ ಅರ್ಹರಾದ ಬಡ ಮಕ್ಕಳ ಪಾಲು ಶೇ 9ರಿಂದ 19ಕ್ಕೆ ಏರಿತು. ಇನ್ನೆಂಥ ಸಾಕ್ಷಿ ಬೇಕು?

ಕ್ಯಾಲಿಫೋರ್ನಿಯಾ 2024ರಲ್ಲಿ ಈ ಪದ್ಧತಿಯನ್ನು ನಿಷೇಧಿಸುವ, ಖಾಸಗಿ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಕಾನೂನು ತಂದಿತು. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ನಿಮಗೆ ಬೇಕಾದ ಮಾತು ಇನ್ನೊಂದಿದೆ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಪ್ರಕಟಿಸುತ್ತವೆ. ಅದರ ಸಿ7 ಕೋಷ್ಟಕದಲ್ಲಿ ಹಳೆಯ ವಿದ್ಯಾರ್ಥಿಗಳೊಂದಿಗಿನ ನಂಟನ್ನು ಪರಿಗಣಿಸುತ್ತಾರೋ ಇಲ್ಲವೋ ಎಂದು ಬರೆದಿರುತ್ತದೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಅದನ್ನು ಓದಿ. ಎಂಐಟಿ, ಕ್ಯಾಲ್ಟೆಕ್ ಆ ನಂಟನ್ನು ನೋಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅಂಥವು ಮೊದಲಿರಲಿ. ನಮಸ್ಕಾರ.